ಗ್ಯಾಲನ್ ಪ್ರತಿಜ್ಞೆ

"ಆರ್ಡಿಸ್, ಕೇಳಿಸ್ಕೋ! ಇವತ್ತಿಂದ ನಾನು ದಿನಕ್ಕೊಂದು ಗ್ಯಾಲನ್ ನೀರು ಕುಡೀತೀನಿ!"

ಜನವರಿಯ ಒಂದು ಬೆಳಿಗ್ಗೆ ವರ್ಲಿನ್ ಟೋಸ್ಟ್ರುಡ್ ಅಡುಗೆಮನೆಯ ನಡುವೆ ನಿಂತು, ಎದೆಯ ಮೇಲೆ ಕೈಯಿಟ್ಟು ಹೀಗೆ ಘೋಷಿಸಿದ. ಮಿನೆಸೋಟಾದ ಆ ಪುಟ್ಟ ಊರಿನ ಟಿಂಬರ್ ಡಿಪೋದಲ್ಲಿ ಹಲಗೆ ಅಳೆದು ಕೊಡುವುದು ಅವನ ಕಸುಬು. ಜಗತ್ತಿನ ಎಲ್ಲವನ್ನೂ ಅಳೆಯುತ್ತಿದ್ದ, ತನ್ನ ಹೊಟ್ಟೆಯ ಸುತ್ತಳತೆಯೊಂದನ್ನು ಬಿಟ್ಟು. ಅಲ್ಲಿಯವರೆಗೆ ಅವನ ಗಂಟಲಿಗೆ ನೀರು ಇಳಿಯುತ್ತಿದ್ದದ್ದು ಕಾಫಿಯ ವೇಷದಲ್ಲಿ ಮಾತ್ರ.

ಅವನ ಹೆಂಡತಿ ಆರ್ಡಿಸ್ ಪ್ಯಾನ್‌ಕೇಕ್ ಮಗುಚುತ್ತ ತಿರುಗಿಯೂ ನೋಡಲಿಲ್ಲ. "ಗ್ಯಾಲನ್ನಾ? ನೀನೇನು ಮನುಷ್ಯನೋ, ಲಾರಿ ರೇಡಿಯೇಟರೋ?"

"ನಗಬೇಡ ಕಣೆ. ನನ್ನ ಮಂಡಿನೋವು, ತಲೆನೋವು, ಬೋಳುತಲೆ, ಎಲ್ಲಕ್ಕೂ ಮೈಯಲ್ಲಿ ನೀರು ಕಮ್ಮಿ ಆಗಿರೋದೇ ಕಾರಣ. ಟೀವಿಲಿ ಹೇಳಿದ್ರು."

"ಬೋಳುತಲೆಗೂನಾ? ಹಾಗಿದ್ರೆ ಕುಡಿಯೋದ್ಯಾಕೆ, ನೇರವಾಗಿ ಮೇಲೇ ಸುರ್ಕೋ. ಬೇಗ ಚಿಗುರುತ್ತೆ!"

"ನೋಡ್ತಿರು. ಹಿಮ ಕರಗೋ ಹೊತ್ತಿಗೆ ಇಪ್ಪತ್ತೈದರ ಹುಡುಗನ ಥರ ಆಗ್ತೀನಿ."

"ಬಾಯಾರಿದಾಗ ಕುಡಿ ಮಾರಾಯ. ಹಸು, ಕುದುರೆ, ಜಿಂಕೆ ಎಲ್ಲಾ ಹಾಗೇ ಕುಡಿಯೋದು. ಅವಕ್ಕೆ ಯಾರು ಟೀವಿ ತೋರಿಸಿದ್ರು?"

"ಬಾಯಾರಿಕೆ ಆಗೋ ಹೊತ್ತಿಗೆ ಕಾಲ ಮಿಂಚಿರುತ್ತೆ!" ಎಂದ ವರ್ಲಿನ್, ಋಷಿಯ ಗಾಂಭೀರ್ಯದಿಂದ. ಅದೂ ಟೀವಿಯ ಮಾತೇ.

ಅದಕ್ಕೆಂದೇ ಅವನೊಂದು ಗ್ಯಾಲನ್ನಿನ, ಎಂದರೆ ಸುಮಾರು ನಾಲ್ಕು ಲೀಟರಿನ, ಪಾರದರ್ಶಕ ಹೂಜಿ ತಂದಿದ್ದ. ಅದರ ಮೈಮೇಲೆ ಗಂಟೆಗೊಂದು ಗೆರೆ, ಗೆರೆಗೊಂದು ಹೊಗಳಿಕೆ. ಒಂಬತ್ತು ಗಂಟೆಯ ಪಕ್ಕ 'ಭೇಷ್!', ಹನ್ನೊಂದರ ಪಕ್ಕ 'ಬಿಡಬೇಡ ವೀರ!', ತಳದಲ್ಲಿ 'ಗೆದ್ದೆ!' ಮದುವೆಯಾಗಿ ಮೂವತ್ತು ವರ್ಷದಲ್ಲಿ ಆರ್ಡಿಸ್ ಒಟ್ಟಾರೆ ಇಷ್ಟು ಹೊಗಳಿರಲಿಲ್ಲ. ಹೀಗಾಗಿ ಅವನಿಗೆ ಹೂಜಿಯ ಮೇಲೆ ವಿಶೇಷ ಮಮತೆ ಹುಟ್ಟಿತು.

ನೀರು ಕುಡಿದಷ್ಟು ಸುಲಭ ಎನ್ನುತ್ತೇವಲ್ಲ, ಆ ಮಾತು ಕಟ್ಟಿದವನು ಗ್ಯಾಲನ್ ಲೆಕ್ಕದಲ್ಲಿ ಕುಡಿದವನಲ್ಲ! ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ. ಬೆವರಿನ ದಾರಿ ಪೂರ್ತಿ ಬಂದ್. ಒಳಗೆ ಹೋದದ್ದು ಹೊರಗೆ ಬರಲು ಉಳಿದದ್ದು ಒಂದೇ ಹೆದ್ದಾರಿ, ಅಲ್ಲಿ ಸಂಚಾರ ವಿಪರೀತ. ಡಿಪೋದಲ್ಲಿ ಟೇಪಿನ ಒಂದು ತುದಿಯನ್ನು ಗಿರಾಕಿಯ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ಅಲ್ಲೇ ಬಿಟ್ಟು ವರ್ಲಿನ್ ಮಾಯವಾಗತೊಡಗಿದ. ಹೆಪ್ಪುಗಟ್ಟಿದ ಸರೋವರದ ಮೇಲೆ ಗುಡಿಸಲು ಹಾಕಿ, ಮಂಜುಗಡ್ಡೆ ಕೊರೆದು ಮೀನಿಗೆ ಗಾಳ ಬಿಟ್ಟು ಕೂತರೆ, ಐದು ಪದರದ ಉಣ್ಣೆ ಬಿಚ್ಚುವುದು ತೊಡುವುದರಲ್ಲೇ ಹೊತ್ತು ಮುಳುಗಿತು. ಜೊತೆಗೆ ಕೂತಿದ್ದ ಪಕ್ಕದ ಮನೆಯ ಹಾರ್ಲನ್ ಬ್ರೆಕ್ಕೆ ಆನೆಯಂಥ ಆಳು. ಹಸು ಸಾಕುತ್ತಾನೆ, ಹಸುವಿನಷ್ಟೇ ಮಾತಾಡುತ್ತಾನೆ. ಅವತ್ತು ಅವನೂ ಬಾಯಿ ಬಿಟ್ಟ.

"ವರ್ಲಿನ್, ಮೀನು ಕೂಡ ಇಷ್ಟು ಕುಡಿಯಲ್ಲ ಕಣೋ."

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಫೆಬ್ರವರಿಯಲ್ಲಿ ಊರಿನ ಲೂಥರನ್ ಚರ್ಚಿನ ಶತಮಾನೋತ್ಸವ ಬಂತು. ಆ ಭಾನುವಾರ ಆರ್ಡಿಸ್ ಒಬ್ಬಳೇ ನಿಂತು ಹಾಡಬೇಕಿತ್ತು. ಅದು ಅವಳ ಅಜ್ಜಿ ನಾರ್ವೆಯಿಂದ ಬರುವಾಗ ನೆನಪಿನಲ್ಲಿ ಕಟ್ಟಿಕೊಂಡು ಬಂದ ಹಳೆಯ ಭಕ್ತಿಗೀತೆ. ಆ ಭಾಷೆ ಈಗ ಊರಿನಲ್ಲಿ ಯಾರಿಗೂ ಬರದು, ಆರ್ಡಿಸಳನ್ನು ಬಿಟ್ಟರೆ.

"ಹೋದ ಈಸ್ಟರ್‌ನಲ್ಲಿ ನಾನು ಹಾಡುವಾಗ ನೀನೇನು ಮಾಡಿದೆ, ಜ್ಞಾಪಕ ಇದ್ಯಾ?" ಎಂದಳು ಹಿಂದಿನ ದಿನ.

"ಕಣ್ಣು ಮುಚ್ಚಿ ಕೇಳ್ತಿದ್ದೆ ಕಣೆ."

"ಗೊರಕೆ ಹೊಡೀತಿದ್ದೆ. ಅದೂ ಬೇರೆ ಶ್ರುತಿಲಿ! ಈ ಸಲ ಎರಡನೇ ಸಾಲಿನ ನಡುವೆ, ನನ್ನ ಕಣ್ಣೆದುರಿಗೇ ಕೂತ್ಕೋ. ನನ್ನ ಹಾಡು ಮುಗಿಯೋವರೆಗೂ ಅಲ್ಲಾಡಕೂಡದು. ಅಲ್ಲಾಡಿದ್ಯೋ, ನಿನ್ನ ಹಾಸಿಗೆ ಗ್ಯಾರೇಜಲ್ಲಿ."

ಅವಳ ದನಿಯಲ್ಲಿ ತಮಾಷೆಯ ಕೆಳಗೊಂದು ನೋವಿತ್ತು. ಅದು ವರ್ಲಿನನಿಗೂ ತಾಕಿತು. ಈ ಸಲ ಬಂಡೆಯಂತೆ ಕೂರುತ್ತೇನೆಂದು ಅವನು ಮನಸ್ಸಿನಲ್ಲೇ ಇನ್ನೊಂದು ಪ್ರತಿಜ್ಞೆ ಮಾಡಿದ. ಎರಡು ಪ್ರತಿಜ್ಞೆಗಳು ಒಂದೇ ಹೊಟ್ಟೆಯಲ್ಲಿ ಹೊಡೆದಾಡಿಕೊಳ್ಳಬಹುದೆಂದು ಅವನಿಗೆ ಹೊಳೆಯಲಿಲ್ಲ.

ಭಾನುವಾರ ಆರ್ಡಿಸ್ ಅಭ್ಯಾಸಕ್ಕೆಂದು ಮುಂಚೆಯೇ ಹೊರಟುಹೋದಳು. ಮನೆಯಲ್ಲಿ ವರ್ಲಿನ್, ಎದುರಿಗೆ ಹೂಜಿ. ಚರ್ಚಿನಲ್ಲಿ ಕುಡಿಯುವಂತಿಲ್ಲ. ಮಧ್ಯಾಹ್ನದವರೆಗಿನ ಗೆರೆಗಳೆಲ್ಲ ಬಾಕಿ ಉಳಿಯುತ್ತವೆ. 'ಬಿಡಬೇಡ ವೀರ!' ಎನ್ನುತ್ತಿದೆ ಹೂಜಿ. ವೀರ ಬಿಡಲಿಲ್ಲ! ಮಧ್ಯಾಹ್ನದ ಗೆರೆಯವರೆಗೂ ಗಟಗಟ ಇಳಿಸಿ, ಬಾಯಿ ಒರೆಸಿಕೊಂಡು, ಟೈ ಬಿಗಿದು ಹೊರಟ.

ಚರ್ಚು ಕಿಕ್ಕಿರಿದಿತ್ತು. ಎರಡನೇ ಸಾಲಿನ ನಟ್ಟನಡುವೆ ವರ್ಲಿನ್, ಅವನ ಬಲಕ್ಕೆ ಗೋಡೆಯಂತೆ ಹಾರ್ಲನ್, ಎರಡೂ ಕಡೆ ಮಂಡಿಗೆ ಮಂಡಿ ತಾಗುವಂತೆ ಜನ. ಮೊದಲ ಕೀರ್ತನೆಯ ಹೊತ್ತಿಗೇ ಒಳಗಿನಿಂದ ಮೊದಲ ಸಂದೇಶ ಬಂತು. ವರ್ಲಿನ್ ಕಾಲಮೇಲೆ ಕಾಲು ಹಾಕಿದ.

ಆಮೇಲೆ ಒಂದು ಕೂಸಿಗೆ ದೀಕ್ಷಾಸ್ನಾನ. ಪಾಸ್ಟರ್ ಲಿಂಡಾಲ್ ಬೆಳ್ಳಿಯ ಹೂಜಿಯೆತ್ತಿ ಬಟ್ಟಲಿಗೆ ನೀರು ಸುರಿದರು. ನಿಧಾನವಾಗಿ. ಎತ್ತರದಿಂದ. ಜುಳುಜುಳು ಎನ್ನುತ್ತ! ವರ್ಲಿನ್ ಕಾಲು ಬದಲಿಸಿದ.

ಇನ್ನು ಉಪದೇಶ. ನೂರು ವರ್ಷದ ಹಬ್ಬಕ್ಕೆ ಪಾಸ್ಟರಿಗೆ ಬೈಬಲ್ಲಿನಲ್ಲಿ ಬೇರೇನೂ ಸಿಗಲಿಲ್ಲವೇ? ನೋಹನ ಜಲಪ್ರಳಯ! "ಮಹಾಸಾಗರದ ಸೆಲೆಗಳೆಲ್ಲ ಒಡೆದವು! ಆಕಾಶದ ತೂಬುಗಳು ತೆರೆದವು!" ಎಂದು ಅವರು ಗುಡುಗಿದಾಗ ವರ್ಲಿನ್ ಅರೆಗಳಿಗೆ ಬೆಂಚಿನಿಂದ ಮೇಲೆದ್ದ. ಗಾಯಕರ ಸಾಲಿನಿಂದ ಆರ್ಡಿಸ್ ಒಂದು ನೋಟ ಬಿಟ್ಟಳು. ಕೂತುಬಿಟ್ಟ.

"ಹುಷಾರಿಲ್ವೇನೋ?" ಹಾರ್ಲನ್ ಪಿಸುಗುಟ್ಟಿದ.

"ಹಾಡು... ಯಾವಾಗ?"

"ಈಗ್ಲೇ. ಅಷ್ಟು ಆತುರಾನಾ?"

"ಬಹಳ!"

ಕೊನೆಗೂ ಆರ್ಡಿಸ್ ಮುಂದೆ ಬಂದು ಎತ್ತರದ ಮೆಟ್ಟಿಲ ಮೇಲೆ ನಿಂತಳು. ಮೈಮೇಲೆ ನೀಲಿ ಉಡುಪು. ಆರ್ಗನ್ ಮೆಲ್ಲಗೆ ಮೊದಲಾಯಿತು. ಅವಳ ದನಿ ಎಷ್ಟು ತಿಳಿಯಾಗಿತ್ತೆಂದರೆ ಜನ ಕೆಮ್ಮುವುದನ್ನೇ ನಿಲ್ಲಿಸಿದರು. ವರ್ಲಿನನಿಗೂ ಹೆಮ್ಮೆಯಿಂದ ಎದೆ ತುಂಬಿತು. ಆದರೆ ಅವನಲ್ಲಿ ತುಂಬಿದ್ದದ್ದು ಎದೆಯೊಂದೇ ಅಲ್ಲವಲ್ಲ! ಒಂದು ಚರಣ ಮುಗಿಯಿತು. ಹಲ್ಲು ಕಚ್ಚಿದ. ಎರಡನೆಯದು ಶುರುವಾಯಿತು. ಹಣೆಯ ಮೇಲೆ ಹನಿ ಮೂಡಿತು, ಕಣ್ಣಿನಿಂದ ನೀರು ಸುರಿಯಿತು. ಬೇರೆ ಯಾವ ದಾರಿಯೂ ಸಿಗದ ನೀರು, ಪಾಪ, ಸಿಕ್ಕ ದಾರಿ ಹಿಡಿದಿತ್ತು. ಇನ್ನೊಂದು ಕ್ಷಣ ಕೂತರೆ ಶತಮಾನೋತ್ಸವದ ಬೆಂಚಿನ ಮೇಲೆ ಶತಮಾನದ ಅಪಮಾನ! ಗ್ಯಾರೇಜಾದರೂ ಸರಿ, ನರಕವಾದರೂ ಸರಿ. ವರ್ಲಿನ್ ದಡಕ್ಕನೆ ಎದ್ದು ನಿಂತ.

ಆ ಊರಿನ ಜನ ಸಾಮಾನ್ಯರಲ್ಲ. ಖುಷಿಯಾದರೆ ತಲೆಯಾಡಿಸುತ್ತಾರೆ. ತುಂಬಾ ಖುಷಿಯಾದರೆ 'ಪರವಾಗಿಲ್ಲ' ಎನ್ನುತ್ತಾರೆ. ಚರ್ಚಿನಲ್ಲಿ ಚಪ್ಪಾಳೆ ಬಿದ್ದದ್ದನ್ನು ಕಂಡವರಿಲ್ಲ. ಅಂಥ ಕಡೆ ಒಬ್ಬ ಗಂಡ, ಕಣ್ಣೀರಿಳಿಸುತ್ತ, ತನ್ನ ಹೆಂಡತಿಯ ಹಾಡಿಗೆ ಎದ್ದು ನಿಂತಿದ್ದಾನೆ! ಹಾರ್ಲನ್ ಒಮ್ಮೆ ಅವನ ಮುಖ ನೋಡಿದ. ತಾನೂ ಎದ್ದ. ಆ ಸಾಲು ಎದ್ದಿತು. ಹಿಂದಿನ ಸಾಲು ಎದ್ದಿತು. ವರ್ಲಿನ್ ಬಾಗಿಲ ಕಡೆ ಒಂದು ಹೆಜ್ಜೆ ಇಡುವಷ್ಟರಲ್ಲಿ ಇಡೀ ಚರ್ಚು ಎದ್ದು ನಿಂತು ಅವನ ದಾರಿಗೆ ಕೋಟೆ ಕಟ್ಟಿತ್ತು.

ಆರ್ಡಿಸ್ ಎರಡನೇ ಚರಣ ಮುಗಿಸಿ ಕಣ್ಣರಳಿಸಿ ನೋಡಿದಳು. ಅವಳ ದೃಷ್ಟಿ ಗಂಡನ ಮುಖದ ಮೇಲೆ ನಿಂತಿತು. ಆಮೇಲೆ ಸ್ವಲ್ಪ ಕೆಳಗಿಳಿಯಿತು. ನಸುನಕ್ಕು ಆರ್ಗನ್ ನುಡಿಸುವವಳಿಗೆ ತಲೆಯಾಡಿಸಿದಳು. ಮೂರನೇ ಚರಣ ಶುರುವಾಯಿತು!

ಅದು ಮೊದಲೆರಡಕ್ಕಿಂತ ಉದ್ದ, ಮೊದಲೆರಡಕ್ಕಿಂತ ನಿಧಾನ. ಹಿಂದೆ ಯಾರೋ ಬಿಕ್ಕಿದರು. ಹಾಡು ಮುಗಿದಾಗ ಪಾಸ್ಟರ್ ಕಣ್ಣೊರೆಸಿಕೊಂಡು, "ಹೇಗೂ ಎಲ್ಲರೂ ನಿಂತಿದ್ದೀರಿ, ಪ್ರಾರ್ಥನೆ ಮಾಡೋಣ" ಎಂದರು. ನೂರು ವರ್ಷದಲ್ಲಿ ಆ ಚರ್ಚಿಗೆ ದುಡಿದ ಎಲ್ಲರ ಹೆಸರೂ ಬಂತು. ಬಾವಿ ತೋಡಿಸಿದವನ ಹೆಸರೂ.

'ಆಮೆನ್' ಕೇಳಿದ್ದೇ ತಡ, ವರ್ಲಿನ್ ಜನರನ್ನು ಸೀಳಿಕೊಂಡು ಹೊರಟ. ಹುಟ್ಟಿದಾರಭ್ಯ ಯಾರನ್ನೂ ತಬ್ಬಿಕೊಳ್ಳದ ಹಾರ್ಲನ್, ಅವತ್ತೇ, ಆಗಲೇ, ಅವನನ್ನು ಹಿಡಿದು ಎದೆಗವಚಿಕೊಂಡ. ಹೊಟ್ಟೆಯ ಮೇಲೆ ಹಾಲು ಕರೆಯುವ ಕೈಯ ಪೂರ್ಣ ಒತ್ತಡ!

"ಬಿಡೋ! ಬಿಡೋ ಹಾರ್ಲನ್!"

"ಅತ್ತುಬಿಡು ವರ್ಲಿನ್. ತಡೀಬೇಡ."

ಅವನು ಹೇಗೋ ಕೊಸರಿಕೊಂಡು ಓಡಿದ. ಶೌಚಾಲಯ ಮುಟ್ಟಿದಾಗ ಮಾನಕ್ಕೂ ಅಪಮಾನಕ್ಕೂ ನಡುವೆ ಪ್ಯಾಂಟಿನ ಒಂದು ಗುಂಡಿಯಷ್ಟೇ ಅಂತರ. ದೇವರು ದೊಡ್ಡವನು, ಗುಂಡಿ ಬಿಚ್ಚಿಕೊಂಡಿತು. ಅವನು ಬಹಳ ಹೊತ್ತು ಹೊರಗೆ ಬರಲಿಲ್ಲ. "ಪಾಪ, ಒಳಗೆ ಒಬ್ಬನೇ ಅಳ್ತಿದಾನೆ" ಎಂದರು ಬಾಗಿಲಲ್ಲಿದ್ದವರು.

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಮೊಟ್ಟೆಯ ಸ್ಯಾಂಡ್‌ವಿಚ್. ಹೆಂಗಸರೆಲ್ಲ ವರ್ಲಿನನನ್ನು ಸುತ್ತುವರಿದರು. "ನಮ್ಮನೆಯವರಿಗೂ ಸ್ವಲ್ಪ ಹೇಳ್ಕೊಡಿ!" ಎಂದಳು ಒಬ್ಬಳು. ಹಗುರಾದ ವರ್ಲಿನ್ ಈಗ ಹಿಗ್ಗಿದ. "ಏನ್ ಮಾಡೋದು, ತಡಕೊಳ್ಳೋಕೇ ಆಗ್ಲಿಲ್ಲ" ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮನೆಗೆ ಹೋಗುವಾಗ ಅವನು ಕಾರು ಓಡಿಸುತ್ತಿದ್ದ. ಆರ್ಡಿಸ್ ಪಕ್ಕದಲ್ಲಿ ಕೂತು ಕಿಟಕಿಯಾಚೆ ಹಿಮ ನೋಡುತ್ತಿದ್ದಳು. ಅವಳ ಮುಖದಲ್ಲಿ ಬೆಳಕಿತ್ತು.

"ನಮ್ಮೂರ ಜನ ಎದ್ದು ನಿಂತ್ರು, ವರ್ಲಿನ್. ನನ್ನ ಹಾಡಿಗೆ!"

"ಪ್ರೀತಿ ಅನ್ನೋದೇ ಹಾಗೆ ಕಣೆ. ಒಳಗಿಂದ ಉಕ್ಕಿ ಬಂತು ಅಂದ್ರೆ ಕೂರೋಕೆ ಬಿಡಲ್ಲ."

"ಹೌದಾ?"

"ಮತ್ತೆ? ಅದರಲ್ಲೂ ಆ ಮೂರನೇ ಚರಣ! ಭಾಷೆ ಗೊತ್ತಿಲ್ದಿದ್ರೂ ಕರುಳು ಹಿಂಡಿಬಿಡ್ತು. ಅದರ ಅರ್ಥ ಏನು?"

ಆರ್ಡಿಸ್ ಕೈಗವಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು.

"ಆ ಹಾಡಿಗೆ ಇರೋದೇ ಎರಡು ಚರಣ."

"ಹಾಗಾದ್ರೆ ಮೂರನೇದು?"

"ನಿನ್ನ ಮಂಡಿಗಳು ಒಂದಕ್ಕೊಂದು ಅಂಟ್ಕೊಂಡು ನಡುಗ್ತಿದ್ವಲ್ಲ, ಅದನ್ನ ನೋಡಿ ನಾನೇ ಸೇರಿಸ್ದೆ. ಅಜ್ಜಿ ತಮ್ಮ ಭಾಷೇಲಿ ಒಣಮೀನಿನ ಅಡುಗೆ ಹೇಳ್ಕೊಡ್ತಿದ್ರು, ಅದನ್ನೇ ಹಾಡಿದ್ದು. 'ಮೀನನ್ನು ನೀರಿನಲ್ಲಿ ನೆನೆಹಾಕು. ನೀರು ಚೆಲ್ಲು. ಮತ್ತೆ ನೀರು ತುಂಬು, ಮತ್ತೆ ನೆನೆಹಾಕು. ಹೊಟ್ಟೆ ಉಬ್ಬಿ ಬಿರಿಯೋ ಹಾಗಾದ್ರೂ ಆತುರ ಪಡಬೇಡ...'"