ಮಾವನ ಮೂಟೆ, ಅಳಿಯನ ಮೀಸೆ

"ಅಳಿಯನಿಗೆ ಹೇಳ್ಬಿಡಿ. ಇನ್ನೂ ಎಷ್ಟು ದಿನ ನಾಚ್ಕೊಂಡಿರ್ತೀರ?"

ನನ್ನ ಹೆಂಡತಿ ಕೊನೆಗೆ ಆಡಿದ ಮಾತು ಇದು. ಆಸ್ಪತ್ರೆ ಮಂಚದ ಮೇಲೆ. ಅಲ್ಲೇ ಕಣ್ಣು ಮುಚ್ಚಿದಳು.

ಹೇಳಬೇಕಾಗಿದ್ದು ಇಷ್ಟೇ. ನನಗೆ ಮಕ್ಕಳಾಗದ ಹಾಗೆ ಗಂಡಸರ ಆಪರೇಷನ್ ಆಗಿದೆ. ಇಪ್ಪತ್ತೆರಡು ವರ್ಷ ಆಯ್ತು. ಊರೆಲ್ಲ ಅವಳಿಗೇ ಆಗಿದೆ ಅಂತ ತಿಳಿದಿತ್ತು. ಈಗ ಮಗಳಿಗೆ ಎರಡು ಹೆರಿಗೆ ಆಗಿದೆ. ಎದೆ ವೀಕು. ಮೂರನೇದು ಬಂದರೆ ಜೀವಕ್ಕೇ ಕಷ್ಟ, ಆಪರೇಷನ್ನೂ ಅವಳಿಗೆ ಬೇಡ ಅಂದರು ಡಾಕ್ಟರು. ವಂಕಿ, ಅದೇ ಕಾಪರ್-ಟಿ, ಹಾಕಿಸಿದ್ವಿ. ರಕ್ತ ನಿಲ್ಲಲಿಲ್ಲ, ತೆಗೆಸಿದ್ವಿ. ಉಳಿದವನು ಅಳಿಯ. ಅವನು ಒಪ್ಪಲ್ಲ.

ನನ್ನ ಹೆಂಡತಿ ಆಶಾ ಕಾರ್ಯಕರ್ತೆ ಆಗಿದ್ದಳು. ನಾನು ಚಿಂತಾಮಣಿ ಮಂಡಿಯಲ್ಲಿ ಹಮಾಲಿ. ಬೆಳಗ್ಗೆ ಬೆನ್ನ ಮೇಲೆ ಮೂಟೆ, ಮಧ್ಯಾಹ್ನ ಮೊಪೆಡ್ಡಿನ ಹಿಂದೆ ಅವಳು. ಮಕ್ಕಳು ಸಾಕು ಅಂತ ಹೇಳಕ್ಕೆ ಮನೆ ಮನೆ ಸುತ್ತಿದರೆ ದಿನಕ್ಕೊಂದು ನಗೆ ಗ್ಯಾರಂಟಿ.

೧. ತೋಟದ ಜಾಗ್ರತೆ

ಕೈವಾರದ ಕಡೆ ಒಬ್ಬ ರೈತ. ಹಿಪ್ಪುನೇರಳೆ ತೋಟ. ವಾರ ವಾರ ಅವಳ ಹತ್ತಿರ ನಿರೋಧ್ ಕೇಳೋನು. ಒಂದೆರಡಲ್ಲ, ಕೈತುಂಬ. ಅವಳಿಗೆ ಖುಷಿಯೋ ಖುಷಿ. ಹೋದ ಮನೇಲೆಲ್ಲ ಅವನದೇ ಮಾತು. "ಆಯಪ್ಪನ್ನ ನೋಡಿ ಕಲೀರಿ!"

ಆರು ತಿಂಗಳಿಗೆ ಅವನ ಹೆಂಡತಿ ನಾಲ್ಕನೇ ಬಸುರಿ.

ಮೊಪೆಡ್ ಓಡಿಸಿಕೊಂಡು ತೋಟಕ್ಕೇ ಹೋದ್ವಿ. ನೋಡಿದರೆ, ಡ್ರಿಪ್ ಪೈಪಿನ ಒಂದೊಂದು ಜಾಯಿಂಟಿಗೂ ನಿರೋಧ್ ಸುತ್ತಿ ಕಟ್ಟಿದಾನೆ!

"ಏನಪ್ಪಾ ಇದು?"

"ಭಾರಿ ಮಾಲು ಕಣಕ್ಕ. ಒಂದು ತೊಟ್ಟೂ ಸೋರಲ್ಲ."

ಅವನ ಹೆಂಡತಿ ಹಿಂದೆ ನಿಂತಿದ್ದಳು. "ತೋಟದ ಮೇಲಿರೋ ಜಾಗ್ರತೆ ನನ್ ಮೇಲಿಲ್ಲ ನೋಡಕ್ಕ," ಅಂದಳು.

೨. ಬೆನ್ನು

ನನ್ನ ಆಪರೇಷನ್ ಕಾಲು ಗಂಟೆ ಕೆಲಸ. ಹೊಲಿಗೆ ಕೂಡ ಇಲ್ಲ. ಆದರೆ ಒಂದು ವಾರ ಮೂಟೆ ಎತ್ತಬೇಡ ಅಂದರು. ಹಮಾಲಿ ಸುಮ್ಮನೆ ಕೂತರೆ ಊರು ಕೇಳದೆ ಇರುತ್ತಾ?

"ಆಪರೇಷನ್ ನಂಗೆ. ಅವರಿಗೆ ಬೆನ್ನು ಹಿಡ್ಕೊಂಡಿದೆ," ಅಂತ ನನ್ನ ಹೆಂಡತಿ ಹೇಳಿಬಿಟ್ಟಳು.

ಹೆಂಗಸರು ಅವಳಿಗೆ ಮೆಣಸಿನ ಸಾರು ತಂದರು. ಬಾಗಿಲು ಹಾಕ್ಕೊಂಡು ಕುಡಿದವನು ನಾನು. ಪರವಾಗಿಲ್ಲ ಅಂದುಕೊಂಡೆ.

ಸಂಜೆ ನಮ್ಮ ಹಮಾಲಿ ಮೇಸ್ತ್ರಿ ಹರಳೆಣ್ಣೆ ಹಿಡಿದು ಬಂದ. ನನ್ನನ್ನು ಬೋರಲು ಮಲಗಿಸಿದ. ಸೊಂಟದ ಮೇಲೆ ಹತ್ತಿ ಕೂತ. ಕಿರುಚಿಕೊಂಡೆ.

"ನೋಡಮ್ಮ, ಎಷ್ಟು ಹಿಡ್ಕೊಂಡಿದೆ!" ಅಂತ ಇನ್ನೂ ಒತ್ತಿದ.

ಅವಳು ಬಾಯಿಗೆ ಸೆರಗು ತುರುಕಿಕೊಂಡು ಅಡುಗೆ ಮನೆಗೆ ಓಡಿದಳು. ವಾರಕ್ಕೆ ಗಾಯ ವಾಸಿ ಆಯ್ತು. ಬೆನ್ನು ನಿಜವಾಗಿ ಹಿಡ್ಕೊಂಡಿತ್ತು.

೩. ಮೀಸೆ

ಅವಳು ಹೋಗಿ ಎರಡು ತಿಂಗಳು. ನಾನು ಹೇಳಿರಲಿಲ್ಲ.

ಅಳಿಯನೂ ನಮ್ಮ ಮಂಡಿಯಲ್ಲೇ ಹಮಾಲಿ. ದಪ್ಪ ಮೀಸೆ. ಆವತ್ತು ಟೀ ಅಂಗಡಿಯಲ್ಲಿ ಆಪರೇಷನ್ ಯಾರು ಮಾಡಿಸ್ಕೊಬೇಕು ಅಂತ ಜಗಳ. ಟೀ ಮಾರೋ ಅಮ್ಮ ಕೇಳಿದಳು:

"ಮಾತ್ರೆ ನಮಗೆ, ಇಂಜೆಕ್ಷನ್ ನಮಗೆ, ವಂಕಿ ನಮಗೆ, ಕೊಯ್ಸ್ಕೊಳ್ಳೋದೂ ನಾವೇ. ನೀವೇನ್ ಮಾಡ್ತೀರಪ್ಪ?"

"ಟೀ ಕುಡೀತೀವಿ," ಅಂದ ಮೇಸ್ತ್ರಿ.

ಅಳಿಯ ಮೀಸೆ ತಿರುವಿದ. "ಗಂಡಸು ಕೊಯ್ಸ್ಕೊಂಡ್ರೆ ಶಕ್ತಿ ಹೋಗುತ್ತೆ ಕಣಕ್ಕ. ಅಂಥೋನು ಒಬ್ಬ ಆಲೂಗಡ್ಡೆ ಮೂಟೆ ಎತ್ತಿ ತೋರಿಸ್ಲಿ, ಈ ಮೀಸೆ ಬೋಳಿಸ್ತೀನಿ!"

ನಾನು ಅವರ ಎದುರಿಗೇ ಲಾರಿ ಕಡೆ ಹೋಗ್ತಿದ್ದೆ. ಬೆನ್ನ ಮೇಲೆ ಆಲೂಗಡ್ಡೆ ಮೂಟೆ.

ನಿಂತೆ. ಮಗಳು ನೆನಪಾದಳು. ಅವಳ ಅಮ್ಮನ ಮಾತೂ.

"ಮೂಟೆ ನೋಡ್ಕೊಳಪ್ಪ. ನಂಗೆ ಆಗಿ ಇಪ್ಪತ್ತೆರಡು ವರ್ಷ."

ಅಳಿಯ ಮೀಸೆಯಿಂದ ಕೈ ತೆಗೆದ.

"ಅತ್ತೆಗಲ್ವಾ ಮಾವ ಆಗಿದ್ದು?"

"ಅವಳಿಗೆ ಬಂದಿದ್ದು ಸಾರು ಮಾತ್ರ."

ಮೇಸ್ತ್ರಿ ಲೋಟ ಕೆಳಗಿಟ್ಟ. "ಹಂಗಾದ್ರೆ ಆವತ್ತು ಬೆನ್ನು... ಅಯ್ಯಯ್ಯೋ! ನಾನ್ ಎಲ್ಲಿ ಹತ್ತಿ ಕೂತಿದ್ದೆ!"

ಮಂಡಿಗೆ ಮಂಡಿಯೇ ನಕ್ಕಿತು. ಅಳಿಯ ಮಾತ್ರ ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದ. "ನೋವಾಗುತ್ತಾ ಮಾವ?"

"ಮೇಸ್ತ್ರಿ ಬರದಿದ್ರೆ ಇಲ್ಲ."

ಮರುದಿನ ಬೆಳಗ್ಗೆ ಅವನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡೆ. ಮೊದಲು ಕ್ಷೌರದಂಗಡಿ. ಆಮೇಲೆ ಆಸ್ಪತ್ರೆ.

ನರ್ಸಮ್ಮ ಅವನ ಬೋಳು ತುಟಿ ನೋಡಿದಳು. "ಈ ಆಪರೇಷನ್ನಿಗೆ ಮೀಸೆ ತೆಗೆಸ್ಕೊಂಡು ಬಾ ಅಂತ ಯಾರಪ್ಪ ಹೇಳಿದ್ದು?"

ನಗು ತಡೆಯಕ್ಕಾಗದೆ ಹೊರಗೆ ಬಂದೆ. ಮೊಪೆಡ್ಡಿನ ಹಿಂದಿನ ಸೀಟಿನ ಮೇಲೆ ಕೈ ಇಟ್ಟೆ.

"ಹೇಳ್ದೆ ಕಣೇ," ಅಂದೆ.