ಚೆನ್ನವೀರಪ್ಪ ಹೊಂಬಳನು ಬ್ಯಾಟರಿಯನ್ನು ಕಾಯ್ದ ಪ್ರಸಂಗ

ಕೇಳಿರಿ ಸಜ್ಜನರೇ, ಕಿವಿಯುಳ್ಳವರೆಲ್ಲ ಕೇಳಿರಿ! ಕತ್ತಿಗಳು ತುಕ್ಕು ಹಿಡಿದು, ಗುರಾಣಿಗಳು ಗುಜರಿ ಸೇರಿ, ವೀರರ ಎದೆಯಗಲವನ್ನು ಬಿಟ್ಟು ಅವರ ಮೊಬೈಲಿನ ಅಗಲವನ್ನು ಲೋಕವು ಅಳೆಯತೊಡಗಿದ ಈ ಕಾಲದಲ್ಲಿ, ಗೋಡೆಯ ಮೂರು ತೂತುಗಳಲ್ಲಿ ವಾಸಿಸುವವಳೇ, ಹೇಳದೆ ಬಂದು ಕೇಳದೆ ಹೋಗುವ ಚಂಚಲೆಯೇ, ಹೇ ವಿದ್ಯುದ್ದೇವಿ, ನಿನಗೆ ಮೊದಲ ನಮಸ್ಕಾರ! ನೀನು ಕೈಬಿಟ್ಟ ಒಂದು ಮಂಗಳವಾರ ಗದಗ ನಗರದಲ್ಲಿ ನಡೆದ ಮಹಾಸಾಹಸವನ್ನು ಹೇಳಹೊರಟಿದ್ದೇನೆ. ನನ್ನ ನಾಲಿಗೆ ತೊದಲದಿರಲಿ. ನಗು ನಡುವೆ ಬಾರದಿರಲಿ.

ಆ ನಗರದ ಮುಳಗುಂದ ನಾಕಾದ ಸಮೀಪ, ಬಾಡಿಗೆ ಮನೆಯೊಂದರ ಮೇಲಂತಸ್ತಿನಲ್ಲಿ, ಚೆನ್ನವೀರಪ್ಪ ಹೊಂಬಳನೆಂಬ ಪುರುಷಸಿಂಹನು ವಾಸವಾಗಿದ್ದನು. ಹೊಟ್ಟೆಪಾಡಿಗೆ ಆತನು ಬೀಜ-ಗೊಬ್ಬರದ ಅಂಗಡಿಯ ಮ್ಯಾನೇಜರು. ಆತ್ಮತೃಪ್ತಿಗೆ ಸಕಲಯಂತ್ರಮರ್ಮಜ್ಞ, ಸ್ವಯಂನಿಯುಕ್ತಪಂಡಿತಶಿರೋಮಣಿ, ಸ್ಕ್ರೂಡ್ರೈವರ್‌ಹಸ್ತ. ಕೆಟ್ಟ ಮಿಕ್ಸರನ್ನು ಬಿಚ್ಚಿ ಸಂಪೂರ್ಣ ಕೆಡಿಸಿದವನು. ಐದು ನಿಮಿಷ ಹಿಂದಿದ್ದ ಗೋಡೆ ಗಡಿಯಾರವನ್ನು ಸರಿಪಡಿಸಿ ಶಾಶ್ವತವಾಗಿ ನಿಲ್ಲಿಸಿದವನು. ಇಂಥ ವೀರನಿಗೆ ಮಂಗಳವಾರ ಅಂಗಡಿಯ ರಜೆಯಿತ್ತೆಂಬುದೇ ಆ ದಿನದ ದುರ್ದೈವ.

ಆತನ ಮಡದಿ ಶಾಂಭವಿ. ಹನ್ನೆರಡು ವರ್ಷ ಗಣಿತ ಕಲಿಸಿದ ಶಾಲೆ ಎರಡು ವರ್ಷಗಳ ಹಿಂದೆ ಮುಚ್ಚಿಹೋಗಿ, ಅಂದಿನಿಂದ ಕರಿಹಲಗೆಯ ಮುಂದೆ ನಿಲ್ಲದೆ ಒಳಗೊಳಗೇ ಸೊರಗಿದ್ದ ಹೆಣ್ಣುಮಗಳು. ಹುಬ್ಬಳ್ಳಿ ರಸ್ತೆಯಲ್ಲಿ ಹೊಸ ಶಾಲೆಯೊಂದು ತೆರೆಯುವುದರಲ್ಲಿತ್ತು. ಅದರ ಮುಖ್ಯಸ್ಥೆ ಇನ್ನೂ ಮೈಸೂರಿನಲ್ಲೇ ಇದ್ದುದರಿಂದ ಸಂದರ್ಶನವು ಲ್ಯಾಪ್‌ಟಾಪಿನಲ್ಲಿ, ಮಧ್ಯಾಹ್ನ ಮೂರಕ್ಕೆ. ಆರನೇ ತರಗತಿಗೆ ಭಿನ್ನರಾಶಿ ಕಲಿಸಿ ತೋರಿಸಬೇಕು. ಅದಕ್ಕೆಂದು ಎಂಟು ದಿನ ಕುಳಿತು ಬಣ್ಣಬಣ್ಣದ ಚಿತ್ರಗಳ ಪಾಠವೊಂದನ್ನು ಅವಳು ಲ್ಯಾಪ್‌ಟಾಪಿನಲ್ಲಿ ಸಿದ್ಧಪಡಿಸಿದ್ದಳು.

ಹತ್ತು ಗಂಟೆಗೆ ಕರೆಂಟು ಹೋಯಿತು. ಐದರವರೆಗೆ ಬಾರದೆಂದು ಕೆಳಮನೆಯವರು ತಿಳಿಸಿದರು. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಬ್ಯಾಟರಿ ನೂರಕ್ಕೆ ಅರವತ್ತೆರಡು.

"ಅದನ್ನ ಆಫ್ ಮಾಡಿ ಮುಚ್ಚಿಟ್ಟಬಿಡ್ರಿ," ಎಂದಳು ಶಾಂಭವಿ. "ಮೂರಕ್ಕ ತಗದ್ರ ಸಾಕು. ನಲವತ್ತು ನಿಮಿಷಕ್ಕ ಆಗೂವಷ್ಟು ಐತಿ."

ಆ ಮಾತು ಕೇಳಿ ವೀರನ ಹುಬ್ಬು ಧನುಸ್ಸಿನಂತೆ ಬಾಗಿತು. ಬನಿಯನ್ನಿನೊಳಗಿನ ಉದರವು ಸಮುದ್ರದಂತೆ ಉಬ್ಬಿತು.

"ಮುಚ್ಚಿಡೂದಾ! ಇದೇನು ಉಪ್ಪಿನಕಾಯಿ ಭರಣಿ ಅಂತ ತಿಳದೀಯೇನು? ಬ್ಯಾಟರಿ ಉಳಸೂದು ಅಂದ್ರ ಒಂದು ಶಾಸ್ತ್ರ, ಶಾಂಭವಿ. ಈ ಚೆನ್ನವೀರ ಉಸಿರಾಡೂತನಕ ಈ ಬ್ಯಾಟರಿ ಸಾಯೂದಿಲ್ಲ. ಮೂರು ಹೊಡದಾಗ ಅರವತ್ತು ತೋರಸ್ತೀನಿ. ಅಷ್ಟು ಆಗಲಿಲ್ಲಂದ್ರ ಕೇಳು!"

"ಮುಟ್ಟಬ್ಯಾಡ್ರಿ ಅಂದ್ರ ಮುಟ್ಟಬ್ಯಾಡ್ರಿ."

"ನಿಂದು ನೀ ಓದಕೋ ಹೋಗು. ಯಂತ್ರದ ಚಿಂತಿ ನನಗ ಬಿಡು."

ಅವಳು ಒಲೆಯ ಮೇಲಿನ ಬೇಳೆ ಉಕ್ಕಿತೆಂದು ಒಳಗೋಡಿದಳು. ರಣರಂಗವು ವೀರನ ಪಾಲಾಯಿತು.

ಮೊದಲನೆಯದಾಗಿ ಆತನು ಪರದೆಯ ಬೆಳಕನ್ನು ಸೊನ್ನೆಗೆ ಇಳಿಸಿದನು. ಬೆಳಕು ಬ್ಯಾಟರಿಯನ್ನು ತಿನ್ನುತ್ತದೆಂಬುದು ಸತ್ಯವೇ. ಆದರೆ ಆ ಮೇಲೆ ಏನೂ ಕಾಣಿಸಲಿಲ್ಲ. ಕಿಟಕಿ ಮುಚ್ಚಿದನು, ಕಾಣಿಸಲಿಲ್ಲ. ತಲೆಯ ಮೇಲೂ ಲ್ಯಾಪ್‌ಟಾಪಿನ ಮೇಲೂ ಸೇರಿಸಿ ಟವೆಲ್ ಹೊದ್ದು, ನೆಗಡಿಯವನು ಬಿಸಿನೀರಿನ ಹಬೆ ತೆಗೆದುಕೊಳ್ಳುವಂತೆ ಬಗ್ಗಿ ಕುಳಿತನು. ಆಗ ಮಸಕುಮಸಕಾಗಿ ಕಂಡದ್ದೇನು? ಇಂಟರ್ನೆಟ್ಟಿನ ಇಪ್ಪತ್ತಮೂರು ಪುಟಗಳು ತೆರೆದೇ ಇದ್ದವು! ಎಲ್ಲವೂ ಆತನೇ ಹಿಂದಿನ ವಾರ ತೆರೆದವು.

"ಆಹಾ, ಕಳ್ಳರು ಸಿಕ್ಕರು!" ಎಂದು ಗರ್ಜಿಸಿ ಸಂಹಾರಕ್ಕೆ ಇಳಿದನು. ಆದರೆ ಧರ್ಮವೀರನಾದುದರಿಂದ ವಿಚಾರಣೆಯಿಲ್ಲದೆ ಯಾರನ್ನೂ ಕೊಲ್ಲಲಾರ. ತನ್ನ ಮೊಬೈಲಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಹರಿಸಿ, ಒಂದೊಂದು ಪುಟವನ್ನೂ ತೆರೆದು, ಓದಿ, ಅರ್ಧ ಓದಿದ್ದನ್ನು ಪೂರ್ತಿ ಓದಿ, ಆ ಬಳಿಕವೇ ಮುಚ್ಚಿದನು. ಮೊಣಕಾಲು ನೋವಿಗೆ ಎಕ್ಕದ ಎಲೆಯ ಪುಟವೊಂದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಬ್ಯಾಟರಿ ಐವತ್ತೊಂದು.

"ಎಷ್ಟೈತ್ರಿ?" ಅಡುಗೆಮನೆಯಿಂದ ದನಿ ಬಂತು.

"ಭದ್ರ ಐತಿ!" ಎಂದನು ವೀರನು.

ಹತ್ತು ಪುಟಗಳು ಬಿದ್ದವು, ಹನ್ನೊಂದನೆಯದು ಬೀಳಲಿಲ್ಲ. ಅದರಲ್ಲಿ 'ಬ್ಯಾಟರಿ ಬಹುಕಾಲ ಬಾಳಲು ಹನ್ನೊಂದು ಉಪಾಯಗಳು' ಎಂಬ ವಿಡಿಯೋ ಇತ್ತು. ಅರ್ಧ ಗಂಟೆಯದು. ವೀರನು ಅದನ್ನು ಮೊದಲಿನಿಂದ ಕೊನೆಯವರೆಗೆ, ನಡುವಿನ ಜಾಹೀರಾತುಗಳ ಸಮೇತ, ಶಿಷ್ಯಭಾವದಿಂದ ನೋಡಿದನು. ಆರನೆಯ ಉಪಾಯವು 'ಅನವಶ್ಯಕವಾಗಿ ವಿಡಿಯೋ ನೋಡಬೇಡಿ' ಎಂದಿತು. ಹೌದುಹೌದೆಂದು ತಲೆದೂಗಿ ಏಳನೆಯದಕ್ಕೆ ಕಾದನು. ಏಳನೆಯದು, ಶಾಖವೇ ಬ್ಯಾಟರಿಯ ಪರಮಶತ್ರು.

ಕೂಡಲೇ ಬೀಸಣಿಗೆ ಹಿಡಿದನು. ಗದಗಿನ ಮೇ ತಿಂಗಳ ಆ ಬಿಸಿಲಲ್ಲಿ, ಹೆಂಡತಿ ಒಲೆಯ ಮುಂದೆ ಬೆವರಿನಲ್ಲಿ ತೊಯ್ದು ರೊಟ್ಟಿ ಬಡಿಯುತ್ತಿರಲು, ಲ್ಯಾಪ್‌ಟಾಪಿಗೆ ಗಾಳಿ ಬೀಸುತ್ತ ಕುಳಿತ ಆ ದೃಶ್ಯವನ್ನು ಮೇಲಿನಿಂದ ದೇವತೆಗಳು ನೋಡಿದರೋ ಇಲ್ಲವೋ ತಿಳಿಯದು. ನೋಡಿದ್ದರೂ ಅವರು ಹೂಮಳೆ ಸುರಿಸಲಿಲ್ಲ.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಇನ್ನೂ ಮೂವತ್ತೇಳು ಉಳಿದಿತ್ತು. ಆದರೆ ಹನ್ನೊಂದನೆಯ ಉಪಾಯವು 'ನಿಮ್ಮ ಬ್ಯಾಟರಿಯ ಬಲವನ್ನು ಪರೀಕ್ಷಿಸಿಕೊಳ್ಳಿ' ಎಂದು ಒಂದು ಸಾಫ್ಟ್‌ವೇರಿನ ದಾರಿ ತೋರಿತು. ವೀರನು ಅದನ್ನು ಇಳಿಸಿಕೊಂಡು, ಯಾವುದನ್ನೂ ಓದದೆ ಎಲ್ಲದಕ್ಕೂ ಒಪ್ಪಿಗೆಯಿತ್ತು, ಪರೀಕ್ಷೆಯನ್ನು ಆರಂಭಿಸಿದನು. ಕುದುರೆಯ ಬಲವನ್ನು ಓಡಿಸಿಯೇ ನೋಡಬೇಕಲ್ಲವೇ? ಆ ಸಾಫ್ಟ್‌ವೇರು ಬ್ಯಾಟರಿಯನ್ನು ಓಡಿಸಿತು. ಒಳಗಿನ ಫ್ಯಾನು ಗಿರಣಿಯಂತೆ ಮೊರೆಯಿತು; ತಳವು ಹಂಚಿನಂತೆ ಕಾದಿತು. ವೀರನು ಬೀಸಿದನು, ಅದು ಕಾದಿತು. ಅದು ಕಾದಿತು, ವೀರನು ಬೀಸಿದನು. ಎರಡೂ ಮುಕ್ಕಾಲಿಗೆ ಯಂತ್ರವು ಸುಮ್ಮನಾಗಿ ಪರದೆಯ ಮೇಲೆ ತೀರ್ಪು ಮೂಡಿತು: 'ಪರೀಕ್ಷೆ ಮುಗಿಯಿತು. ನಿಮ್ಮ ಬ್ಯಾಟರಿ ದುರ್ಬಲವಾಗಿದೆ.' ಉಳಿದದ್ದು ನಾಲ್ಕು.

ಶಾಂಭವಿ ಸೀರೆ ಬದಲಿಸಿ, ಕೂದಲು ಬಾಚಿ ಹೊರಗೆ ಬಂದವಳು ಆ ಅಂಕಿಯನ್ನು ನೋಡಿದಳು.

"ನೋಡು, ತಪ್ಪು ನಂದಲ್ಲ," ಎಂದನು ಮಹಾರಥಿ. "ಬ್ಯಾಟರೀನ ದುರ್ಬಲ ಐತಿ ಅಂತ ಅದರ ಬಾಯಾಗಿಂದ ಬಂದೈತಿ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಆತನಿಗೆ ಸುಲಭವಾಗುತ್ತಿತ್ತು.

"ನಾ ನಿಮಗ ಏನ್ ಕೇಳಿದ್ದೆ?" ಎಂದಳು ಮೆಲ್ಲಗೆ. "ಏನರ ಮಾಡ್ರಿ ಅಂತ ಕೇಳಿದ್ನೇನು? ಏನೂ ಮಾಡಬ್ಯಾಡ್ರಿ ಅಂತ ಕೇಳಿದ್ದೆ. ಅದೊಂದು ನಿಮ್ಮ ಕಡಿಂದ ಆಗಲಿಲ್ಲ."

ಅವಳ ಕಣ್ಣಂಚು ತೇವವಾಗಿತ್ತು. ಸೆರಗಿನಿಂದ ಒರೆಸಿಕೊಂಡು, ತನ್ನ ಮೊಬೈಲನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಿಟಕಿಯ ಬೆಳಕಿಗೆ ಎದುರಾಗಿ ಸಕ್ಕರೆ ಡಬ್ಬಿಗೆ ಮೊಬೈಲನ್ನು ಒರಗಿಸಿದಳು. ಮೂರಾಯಿತು. ಪುಟ್ಟ ಪರದೆಯಲ್ಲಿ ಮುಖ್ಯಸ್ಥೆಯ ಕನ್ನಡಕ ಮೂಡಿತು.

"ನಮಸ್ಕಾರ ಶಾಂಭವಿಯವರೇ. ಚಿತ್ರಗಳ ಪಾಠ ತೋರಿಸ್ತೀನಿ ಅಂದಿದ್ರಲ್ಲ, ಶುರು ಮಾಡೋಣ್ವಾ?"

ಎಂಟು ದಿನದ ದುಡಿಮೆ ಬಾಗಿಲಾಚೆ ನಾಲ್ಕರಲ್ಲಿ ಉಸಿರು ಹಿಡಿದಿತ್ತು. ಶಾಂಭವಿ ಅತ್ತಿತ್ತ ನೋಡಿದಳು. ಕೈಗೆ ಎಟುಕುವಂತೆ ರೊಟ್ಟಿಯ ಬುಟ್ಟಿಯಿತ್ತು.

"ಚಿತ್ರ ಇದ್ದೂರಿ ಮೇಡಂ, ಕರೆಂಟ್ ಇಲ್ರಿ. ರೊಟ್ಟಿ ಅದಾವು. ಇದರಾಗ ಕಲಿಸಲೇನ್ರಿ?"

ಮುಖ್ಯಸ್ಥೆ ಕನ್ನಡಕ ಸರಿಪಡಿಸಿಕೊಂಡರು. "ಕಲಿಸಿ ನೋಡೋಣ."

ಖಡಕ್ ರೊಟ್ಟಿಯನ್ನು ಎತ್ತಿ ತೋರಿಸಿ ಪಟ್ಟನೆ ಮುರಿದಳು, ಅರ್ಧ. ಅರ್ಧವನ್ನು ಮುರಿದಳು, ಕಾಲು. ಕಾಲನ್ನೂ ಮುರಿದಳು. "ನಾಲ್ಕನೇ ಒಂದು ದೊಡ್ಡದೋ, ಎಂಟನೇ ಒಂದು ದೊಡ್ಡದೋ ಅಂತ ಕೇಳಿದ್ರ ಹುಡುಗ್ರು ಎಂಟ ಅಂತಾವ್ರಿ. ಅಂಕಿ ದೊಡ್ಡದೈತಲ್ರಿ, ಅದಕ್ಕ. ಅವಾಗ ಬೈಬಾರದ್ರಿ. ಹಸಿವಾದಾಗ ಯಾವ ತುಂಡು ತಗೋತೀಯವ್ವಾ ಅಂತ ಕೇಳಬೇಕು. ಒಂದೂ ತಪ್ಪು ಹೇಳೂದಿಲ್ಲ."

ಮುಖ್ಯಸ್ಥೆ ನಕ್ಕುಬಿಟ್ಟರು. "ಒಂದ್ನಿಮಿಷ ಇರಿ," ಎಂದು ಪಕ್ಕದ ಕೋಣೆಯಿಂದ ಇನ್ನಿಬ್ಬರನ್ನು ಕರೆದು ಕೂರಿಸಿಕೊಂಡರು. ನಲವತ್ತು ನಿಮಿಷದ ಸಂದರ್ಶನ ಒಂದು ಗಂಟೆ ದಾಟಿತು. ನಾಲ್ಕು ರೊಟ್ಟಿ ಚೂರಾದವು. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಶಾಂಭವಿಯ ದನಿ ತರಗತಿಯ ಕೊನೆಯ ಬೆಂಚಿಗೆ ಮುಟ್ಟುವಷ್ಟು ಏರಿತ್ತು.

ಬಾಗಿಲು ತೆರೆದಾಗ ವೀರನು ಲ್ಯಾಪ್‌ಟಾಪನ್ನು ಆಫ್ ಮಾಡಿ, ಮುಚ್ಚಿ, ಮಡಿಲಲ್ಲಿಟ್ಟುಕೊಂಡು ಕುಳಿತಿದ್ದನು.

"ಸೋಮವಾರದಿಂದ ಬರ್ರಿ ಅಂದ್ರು," ಎಂದಳು ಶಾಂಭವಿ. ಮುಖ ಅರಳಿತ್ತು. ಕೋಪವನ್ನು ನೆನಪಿಟ್ಟುಕೊಳ್ಳಲೂ ಅವಳಿಗೆ ಆಗುತ್ತಿರಲಿಲ್ಲ.

ವೀರನು ಎದ್ದು ನಿಂತನು. ಪರಾಕ್ರಮವು ಮರಳಿ ಮೈತುಂಬಿತು. "ಬಂತಲ್ಲ! ನಾ ಅದನ್ನ ಹಿಡದು ಕುಂತಿದ್ದಕ್ಕ ನಾಕಾದ್ರೂ ಉಳೀತು ನೋಡು."

ಅವಳು ತಟ್ಟೆ ತಂದು, ಚೂರು ರೊಟ್ಟಿಗಳನ್ನು ಸುರಿದು, ಶೇಂಗಾ ಚಟ್ನಿ ಹಚ್ಚಿಕೊಂಡು ಉಣ್ಣತೊಡಗಿದಳು. ಹೆಂಡತಿಯಲ್ಲಿ ಕೇಳುವ ಕಿವಿ ಸಿಗದ ವೀರನು ಮೊಬೈಲು ಹಿಡಿದು ರಾಣೇಬೆನ್ನೂರಿನ ಅಣ್ಣನಿಗೆ ಕರೆ ಮಾಡಿದನು. "ಅಣ್ಣಾ, ಇವತ್ತ ಮನ್ಯಾಗ ಒಂದು ದೊಡ್ಡ ಪ್ರಸಂಗ ಆತು! ಕರೆಂಟ್ ಇಲ್ಲ, ಏನಿಲ್ಲ, ನಾ ಒಬ್ಬಾಂವನ..." ಎಂದು ಆರಂಭಿಸಿ, ಟವೆಲ್ಲಿನ ಯುದ್ಧ, ಇಪ್ಪತ್ತಮೂರು ಪುಟಗಳ ವಧೆ, ಬೀಸಣಿಗೆಯ ಮಹಿಮೆ, ಎಲ್ಲವನ್ನೂ ಅತ್ತಿತ್ತ ಅಡ್ಡಾಡುತ್ತ ಹತ್ತು ನಿಮಿಷ ವರ್ಣಿಸಿದನು. ಅಣ್ಣನು ಹೂಂಗುಟ್ಟುತ್ತಿಲ್ಲವೆಂಬ ಅನುಮಾನ ಬಂದು ಕಿವಿಯಿಂದ ತೆಗೆದು ನೋಡಿದನು.

ಬೆಳಗಿನಿಂದ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಹರಿಸಿ ಹರಿಸಿ ಆ ಮೊಬೈಲು 'ನಾ ಒಬ್ಬಾಂವನ' ಎಂಬಲ್ಲಿಗೇ ಸತ್ತಿತ್ತು.

ವೀರನು ತಲೆಯೆತ್ತಿದನು. ಶಾಂಭವಿ ತುತ್ತು ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ಆತನನ್ನೇ ನೋಡುತ್ತಿದ್ದಳು. ಆದುದರಿಂದ ಆತನು ಮೊಬೈಲನ್ನು ಮತ್ತೆ ಕಿವಿಗಿಟ್ಟುಕೊಂಡು, "ಹೂಂ ಅಣ್ಣಾ, ಹೌದಣ್ಣಾ," ಎಂದು ಇನ್ನೂ ಎರಡು ನಿಮಿಷ ಮಾತಾಡಿದನು.