ಹಿಂದಿನಿಂದ ಕರೆಯುವ ಮುದುಕಿ

ನಮ್ಮ ಕಡೆ ಹೊರಟವರನ್ನು ಹಿಂದಿನಿಂದ ಕರೆಯುವುದಿಲ್ಲ. ಮರೆತು ಕರೆದರೆ, ಹೊರಟವನು ಮತ್ತೆ ಒಳಗೆ ಬಂದು, ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಆಮೇಲೆ ಹೊರಡಬೇಕು. ಇದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ ‘ಛೇ, ಹಳೇ ಕಾಲದ್ದು’ ಎಂದು ನಗುತ್ತೇನೆ. ನಕ್ಕು, ಒಳಗೆ ಹೋಗಿ ನೀರು ಕುಡಿಯುತ್ತೇನೆ. ಚಳ್ಳಕೆರೆಯಿಂದ ಕುದಾಪುರದ ಸಂಶೋಧನಾ ಕೇಂದ್ರಕ್ಕೆ ನೌಕರರ ಬಸ್ಸು ಓಡಿಸುವವನು ನಾನು. ರಸ್ತೆಯ ಮೇಲೆ ಬದುಕುವವನಿಗೆ ಇಷ್ಟು ಅಂಜಿಕೆ ಇದ್ದರೆ ಒಳ್ಳೆಯದೇ ಎಂಬುದು ನನ್ನ ವಾದ. ಆದರೆ ಈ ಅಂಜಿಕೆ ಕಂಪ್ಯೂಟರಿನ ಒಳಗೂ ನನ್ನ ಹಿಂದೆ ಬರುತ್ತದೆ ಎಂದು ಅಂದುಕೊಂಡಿರಲಿಲ್ಲ.

ಆ ಕೇಂದ್ರದಿಂದ ವರ್ಗವಾಗಿ ಹೋದ ಅಧಿಕಾರಿಯೊಬ್ಬರು ತಮ್ಮ ಹಳೇ ಕಂಪ್ಯೂಟರನ್ನು ನನಗೆ ಕೊಟ್ಟು ಹೋದರು. ಅದರಲ್ಲೊಂದು ಆಟವಿತ್ತು. ನಾವೇ ವೀರನಾಗಿ, ಊರೂರು ಸುತ್ತಿ, ಕಂಡವರ ಜೊತೆ ಮಾತಾಡಿ, ಅಡ್ಡ ಬಂದವರ ಜೊತೆ ಹೊಡೆದಾಡಿ ರಾಜ್ಯ ಉಳಿಸಬೇಕು. ಐವತ್ತರ ಹತ್ತಿರ ಬಂದವನಿಗೆ ರಾಜ್ಯ ಉಳಿಸುವ ಅವಕಾಶ ಇನ್ನೆಲ್ಲಿ ಸಿಗಬೇಕು? ಆಸೆಯಿಂದ ಕೂತೆ, ನಿರಾಸೆ ಶುರುವಾಯಿತು. ಕಳ್ಳರು ಸುತ್ತುವರಿಯುತ್ತಾರೆ ಸರಿ, ಆದರೆ ಹೊಡೆಯಲು ಒಬ್ಬೊಬ್ಬರಾಗಿ ಬರುತ್ತಾರೆ. ಉಳಿದವರು ಕತ್ತಿ ಹಿಡಿದು, ರೇಷನ್ ಅಂಗಡಿ ಮುಂದೆ ನಿಂತಂತೆ, ತಮ್ಮ ಪಾಳಿಗೆ ಕಾಯುತ್ತಾರೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಸೀಟಿಗೆ ಟವಲ್ ಹಾಕಿದ ಜಗಳವೇ ಇದಕ್ಕಿಂತ ಜೋರು. ಅಲ್ಲಿ ಸಂಬಂಧವಿಲ್ಲದವರೂ ಬಂದು ಒಂದೇಟು ಹಾಕಿ ಹೋಗುತ್ತಾರೆ. ಮಾತಿನ ಕಥೆ ಇನ್ನೂ ಕಷ್ಟ. ಯಾರು ಮಾತಾಡಿಸಿದರೂ ನಮಗೆ ಮೂರು ಉತ್ತರ ಕೊಡುತ್ತಾರೆ: ವಿನಯದ್ದು, ಒರಟಿನದು, ತಮಾಷೆಯದು. ಯಾವುದನ್ನು ಒತ್ತಿದರೂ ಎದುರಿನವನು ಹೇಳುವುದು ಒಂದೇ. ಕಮ್ಮಾರನಿಗೆ ಬಾಯಿಗೆ ಬಂದಂತೆ ಬೈಯುವ ಉತ್ತರ ಒತ್ತಿದೆ. ‘ನಿನ್ನ ಪ್ರಯಾಣ ಸುಖವಾಗಲಿ’ ಎಂದು ನಕ್ಕ. ಬೈಸಿಕೊಂಡವನು ನಕ್ಕರೆ ನನಗೆ ಮೈ ಜುಮ್ಮೆನ್ನುತ್ತದೆ.

ಆಟದ ಊರಿನ ಜನ ತಮ್ಮ ತಮ್ಮ ಬಾಗಿಲ ಮುಂದೆ ನಿಂತೇ ಇರುತ್ತಾರೆ. ಕೂರುವುದಿಲ್ಲ, ಉಣ್ಣುವುದಿಲ್ಲ, ಮಳೆ ಬಂದರೂ ಒಳಗೆ ಹೋಗುವುದಿಲ್ಲ. ನಾನು ನಡೆದರೆ ಅವರ ಮುಖ ಮಾತ್ರ ನನ್ನ ಜೊತೆ ತಿರುಗುತ್ತದೆ, ಮೈ ಅಲ್ಲಾಡುವುದಿಲ್ಲ. ಒಮ್ಮೆ ಆಟವನ್ನು ಹಾಗೇ ಬಿಟ್ಟು ಊಟಕ್ಕೆ ಎದ್ದೆ. ಬಂದು ನೋಡಿದರೆ ಊರವರೆಲ್ಲ ಪರದೆಯಿಂದ ಈಚೆ ನೋಡುತ್ತ ನಿಂತಿದ್ದರು. ಈಚೆ ಇದ್ದವನು ನಾನೊಬ್ಬನೇ. ಇವರೆಲ್ಲ ಸಾಲದೆಂಬಂತೆ ಒಬ್ಬಳು ಮುದುಕಿ, ಊರ ಬಾಗಿಲಲ್ಲಿ. ನಾನು ಊರು ಬಿಟ್ಟು ಹೆಜ್ಜೆ ಇಟ್ಟ ಕೂಡಲೇ ಹಿಂದಿನಿಂದ ‘ಸ್ವಲ್ಪ ನಿಲ್ಲು, ಮಗನೇ’ ಎಂದು ಇಂಗ್ಲಿಷಿನಲ್ಲಿ ಕರೆಯುತ್ತಾಳೆ. ತಿರುಗಿ ಹತ್ತಿರ ಹೋದರೆ ಹೇಳುವುದಕ್ಕೇನೂ ಇಲ್ಲ, ಸುಮ್ಮನೆ ನೋಡುತ್ತಾಳೆ. ನಾನೇನು ಮಾಡಲಿ? ವೀರನನ್ನು ಛತ್ರಕ್ಕೆ ವಾಪಸು ಕರೆದೊಯ್ದು, ಬಾವಿಯ ನೀರು ಕುಡಿಸಿ, ಕೂರಿಸಿ, ಮತ್ತೆ ಹೊರಡಿಸುತ್ತಿದ್ದೆ. ಅವಳು ಮತ್ತೆ ಕರೆಯುತ್ತಿದ್ದಳು. ಹೀಗಾಗಿ ರಾಜ್ಯ ಉಳಿಸಬೇಕಾದವನು ಮೊದಲನೇ ಊರನ್ನೇ ದಾಟಲಿಲ್ಲ.

“ಅದು ಗೊಂಬೆ ಕಣ್ರಿ. ಗೊಂಬೆ ಕರೆದ್ರೆ ಯಾರಾದ್ರೂ ನಿಲ್ತಾರಾ?” ಎಂದಳು ಹೆಂಡತಿ ಗಂಗಮ್ಮ.

“ಗೊಂಬೆ ಆದ್ರೆ, ನಾನು ಹೊರಟಿದ್ದು ಅದಕ್ಕೆ ಹೆಂಗೆ ಗೊತ್ತಾತು?” ಎಂದೆ. ಅಂದಿನಿಂದ ಆ ಕೋಣೆಯ ಕಸ ನಾನೇ ಗುಡಿಸಬೇಕಾಯಿತು.

ಇದರ ನಡುವೆ ಮೊಳಕಾಲ್ಮೂರಿನ ಅಕ್ಕನ ಕಿರಿಮಗಳು ರೂಪಳ ಮದುವೆ ಬಂತು. ಅಕ್ಕನ ಮನೆಯವರು ಮಗ್ಗದ ಮೇಲೆ ಕೂತು ರೇಷ್ಮೆ ಸೀರೆ ನೇಯುವವರು. ಹಿರಿಮಗಳ ಮದುವೆಯಲ್ಲಿ ಅಕ್ಕ ನನ್ನನ್ನು ಹೂವು ತರಲು ಕಳಿಸಿದ್ದಳು. ನಾನು ಹೂವು ಹಿಡಿದು ಬರುವಷ್ಟರಲ್ಲಿ, ಮುಹೂರ್ತ ಮೀರುತ್ತದೆಂದು, ಸೋದರಮಾವ ಕೈಹಿಡಿದು ಕರೆತರಬೇಕಾದ ಮದುಮಗಳನ್ನು ಅಕ್ಕನ ಮೈದುನನೇ ಮಂಟಪಕ್ಕೆ ಕರೆತಂದಿದ್ದ. ಅಂದಿನಿಂದ ನಾನೂ ಅಕ್ಕನೂ ಮಾತಾಡಿಲ್ಲ. ಈ ಸಲ ಅವಳು ಫೋನು ಮಾಡಿದ್ದು ಗಂಗಮ್ಮನಿಗೆ. “ಈ ಸಲನೂ ನೀವು ಮಾವನಾಗಿ ನಿಂತ್ಕಳ್ಳಲಿಲ್ಲ ಅಂದ್ರೆ ತವರು ಅನ್ನೋದು ಅವ್ರಿಗೆ ಮುಗೀತು ಅಂತಾನೆ ಲೆಕ್ಕ,” ಎಂದು ಹೇಳಿ ಗಂಗಮ್ಮ ಹಿಂದಿನ ದಿನವೇ ಹೊರಟುಹೋದಳು. ನನಗೂ ಅದು ಗೊತ್ತಿತ್ತು. ಅಕ್ಕನಿಗೆ ಏನು ಹೇಳಲಿ ಎಂದು ವಿನಯದ್ದು, ಒರಟಿನದು, ತಮಾಷೆಯದು, ಮೂರನ್ನೂ ತಯಾರು ಮಾಡಿಕೊಂಡಿದ್ದೆ.

ಮದುವೆಯ ಬೆಳಗ್ಗೆ ಮನೆಗೆ ಬೀಗ ಹಾಕಿ, ಹೆಲ್ಮೆಟ್ ಹಾಕಿಕೊಂಡು, ಗಾಡಿ ಸ್ಟಾರ್ಟ್ ಮಾಡಿದೆ. ಹಿಂದಿನಿಂದ ಯಾರೋ ಕರೆದರು. “ಸ್ವಲ್ಪ ನಿಂತ್ಕಳಪ್ಪಾ.” ತಿರುಗಿದರೆ ಬೀದಿಯಲ್ಲಿ ಯಾರೂ ಇಲ್ಲ. ಬೀಗ ತೆಗೆದು ಒಳಗೆ ಹೋದೆ. ಕಂಪ್ಯೂಟರ್ ಆರಿತ್ತು, ಕಪ್ಪು ಪರದೆಯಲ್ಲಿ ಹೆಲ್ಮೆಟ್ ಹಾಕಿದ ನನ್ನದೇ ತಲೆ. ನೀರು ಕುಡಿದು, ಕೂತು, ಮತ್ತೆ ಹೊರಟೆ. ಮತ್ತೆ ಕರೆಯಿತು, ಈ ಸಲ ಹೆಲ್ಮೆಟ್ಟಿನ ಒಳಗೇ, ಕಿವಿಯ ಪಕ್ಕದಲ್ಲಿ. ಆಟದ ಮುದುಕಿಗೆ ಇಂಗ್ಲಿಷ್ ಬಿಟ್ಟು ಬೇರೆ ಬರುವುದಿಲ್ಲ. ಇದು ನಮ್ಮೂರ ಮಾತು. ಮತ್ತೆ ಬೀಗ ತೆಗೆದು ಒಳಗೆ ಹೋಗಿ ಕೂತೆ. ಹೊತ್ತು ಏರುತ್ತಿತ್ತು. ಅಕ್ಕನ ಮೈದುನ ಇಷ್ಟು ಹೊತ್ತಿಗೆ ಪಂಚೆ ಉಟ್ಟು ಸಿದ್ಧನಾಗಿರುತ್ತಾನೆ ಎಂದು ನೆನಪಾದ ಮೇಲೆ, ಕಿವಿಗೆ ಹತ್ತಿ ತುರುಕಿಕೊಂಡು ಗಾಡಿ ಬಿಟ್ಟೆ.

ದಾರಿಯುದ್ದಕ್ಕೂ ಬಂಡೆಗಳು. ಎಷ್ಟೋ ಸಲ ನೋಡಿದ ಬಂಡೆಗಳೇ, ಆದರೆ ಅಂದು ಒಂದೊಂದೂ ಯಾರೋ ಕೂತು ನನ್ನ ಕಡೆ ತಿರುಗಿದಂತೆ ಕಾಣುತ್ತಿತ್ತು. ಕಲ್ಯಾಣಮಂಟಪದ ಒಳಗೆ ಕಾಲಿಟ್ಟರೆ ನೆಂಟರೆಲ್ಲ ಸಾಲಾಗಿ ನಿಂತಿದ್ದಾರೆ. ಓಲಗ ನಿಂತಿದೆ. ಎಲ್ಲರ ಮುಖವೂ ಒಟ್ಟಿಗೆ ನನ್ನ ಕಡೆ ತಿರುಗಿತು. ಬಾಗಿಲಲ್ಲಿ ಅಕ್ಕ ಕೈಮುಗಿದು ನಿಂತಿದ್ದಳು. ನನ್ನ ಮುಂದಿದ್ದ ಅಪರಿಚಿತನಿಗೆ “ಬರ್ರಿ, ಊಟ ಮಾಡ್ಕಂಡೇ ಹೋಗ್ಬೇಕು,” ಎಂದಳು. ನನಗೂ “ಬರ್ರಿ, ಊಟ ಮಾಡ್ಕಂಡೇ ಹೋಗ್ಬೇಕು,” ಎಂದಳು. ಅದೇ ನಗು. ನನ್ನ ಹಿಂದಿದ್ದವನಿಗೂ ಅದೇ. ಎತ್ತಿ ಆಡಿಸಿದ ತಮ್ಮನಿಗೆ ಅವಳು ಬರ್ರಿ ಅಂದದ್ದು ಅದೇ ಮೊದಲು. ತಯಾರು ಮಾಡಿಟ್ಟ ಮೂರು ಉತ್ತರದಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನನಗೆ ಅಳು ಬಂತು.

ಅಷ್ಟರಲ್ಲಿ ಗಂಗಮ್ಮ ನನ್ನ ತೋಳು ಹಿಡಿದು ಎಳೆದಳು. “ಎಲ್ಲಿದ್ರಿ ಇಷ್ಟೊತ್ತು? ಹುಡುಗಿ ಮಾಮ ಬರೋವರ್ಗೂ ಏಳಲ್ಲ ಅಂತ ಕೂತವ್ಳೆ. ಪುರೋಹಿತರು ಕೂಗಾಡ್ತಾವ್ರೆ.”

ಕೋಣೆಯಲ್ಲಿ ರೂಪ ಹಸೆಯ ಮೇಲೆ ಕೂತಿದ್ದಳು. ನನ್ನನ್ನು ಕಂಡದ್ದೇ ಕೈ ಚಾಚಿದಳು. ಹಿಡಿದೆ, ತಣ್ಣಗಿತ್ತು. ಓಲಗ ಮತ್ತೆ ಶುರುವಾಯಿತು. ಕಿವಿಯ ಹತ್ತಿ ತೆಗೆದು, ಎದೆಯುಬ್ಬಿಸಿ ಹೊರಟೆ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಹಿಂದಿನಿಂದ ಕರೆಯಿತು. “ಸ್ವಲ್ಪ ನಿಂತ್ಕಳಪ್ಪಾ.” ಅದೇ ಮಾತು, ಬೆಳಗ್ಗೆ ಹೆಲ್ಮೆಟ್ಟಿನೊಳಗೆ ಕೇಳಿದ ಅದೇ ಧ್ವನಿ. ಇನ್ನು ಸತ್ತರೂ ನಿಲ್ಲುವುದಿಲ್ಲ ಎಂದು ಹಲ್ಲು ಕಚ್ಚಿ, ಇನ್ನಷ್ಟು ಬಿರುಸಾಗಿ ನಡೆದೆ. ಮತ್ತೆ ಕರೆಯಿತು, ಕಿರುಚಿತು. ಎದುರಿಗಿದ್ದ ಬಾಗಿಲನ್ನು ಭುಜದಿಂದ ತಳ್ಳಿ ಮದುಮಗಳ ಸಮೇತ ಒಳಗೆ ನುಗ್ಗಿದೆ.

ಅದು ಅಡುಗೆಮನೆ. ಹಪ್ಪಳ ಕರಿಯುತ್ತಿದ್ದವರು ಜಾಲರಿ ಎತ್ತಿ ಹಿಡಿದು ಹಾಗೇ ನಿಂತರು. ನನ್ನನ್ನು ನಂಬಿದ್ದ ಓಲಗದವರೂ ಊದುತ್ತ ಒಳಗೆ ಬಂದರು. ಅವರ ಹಿಂದೆ ಏದುಸಿರು ಬಿಡುತ್ತ ಅಕ್ಕ.

“ಲೇ, ಕರಿತಾನೇ ಇದೀನಿ, ಕಿವಿ ಕೇಳ್ಸಲ್ವೇನೋ? ಊರಿಗೆಲ್ಲ ಬಸ್ಸು ಓಡಿಸ್ತೀಯಾ, ಮಂಟಪ ಯಾವ ಕಡೆ ಐತೆ ಅಂತ ಗೊತ್ತಾಗಲ್ವಾ ನಿಂಗೆ?”

ಬೆಳಗ್ಗೆ ನೀನು ಎಲ್ಲಿದ್ದೆ, ಮೊಳಕಾಲ್ಮೂರಿನಿಂದ ನನ್ನನ್ನು ಹೇಗೆ ಕರೆದೆ ಎಂದು ಕೇಳಬೇಕೆನಿಸಿತು. ಧೈರ್ಯ ಸಾಲಲಿಲ್ಲ, ಇವತ್ತಿಗೂ ಕೇಳಿಲ್ಲ. ಅವಳು ನನ್ನ ರಟ್ಟೆ ಹಿಡಿದು ತಿರುಗಿಸಿದಳು, ರೂಪ ನನ್ನ ಕೈ ಬಿಡದೆ ನಗುತ್ತಿದ್ದಳು. ಮದುಮಗಳನ್ನು ಸೋದರಮಾವನೇ ಮಂಟಪಕ್ಕೆ ಕರೆತಂದ ಎಂದು ನೆಂಟರೆಲ್ಲ ಈಗಲೂ ಹೇಳುತ್ತಾರೆ. ಸೋದರಮಾವನನ್ನು ಅವನ ಅಕ್ಕ ಕರೆತಂದಳು.